ಕಾಲೇಜು ಹುಡುಗರ ಇಂಗ್ಲಿಷ್ ಸ್ಲ್ಯಾಂಗ್, ನುಡಿಗಟ್ಟು: ಬಳ್ಳಾರಿಯ ಸಂಜೆ ಕ್ಲಾಸಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆ. ಕ್ಲಾಸಿಗೆ ಡಿಗ್ರಿ, ಡಿಪ್ಲೊಮಾ, ಇಂಜಿನಿಯರಿಂಗ್ ಓದುವವರು ಬರುತ್ತಾರೆ. ಜೀನ್ಸ್ ಹೊಲಿಗೆ ಕೆಲಸ ಮುಗಿಸಿಕೊಂಡು ಬರುವ ಹುಡುಗರೂ ಇದ್ದಾರೆ. ಕುರುಗೋಡು, ಸಿರುಗುಪ್ಪ, ಸಂಡೂರಿನಿಂದ ಬರುವವರ ಕಣ್ಣು ಕೊನೇ ಬಸ್ಸಿನ ಟೈಮಿನ ಮೇಲೆಯೇ ಇರುತ್ತದೆ. ವ್ಯಾಕರಣ ಕೇಳುವವರು ಕಡಿಮೆ. 'ರೀಲ್ಸ್‌ನಲ್ಲಿ ಹಿಂಗಂತಾರಲ್ಲ ಮೇಡಂ, ಹಂಗಂದ್ರೇನು?' ಅನ್ನುವವರೇ ಜಾಸ್ತಿ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರೂ ಬಾಗಿಲಲ್ಲಿ ನಿಂತು ಇದನ್ನೇ ಕೇಳುತ್ತಾರೆ. ಆ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಸ್ಲ್ಯಾಂಗ್ ಬೇರೆ, ನುಡಿಗಟ್ಟು ಬೇರೆಯಾ?

ಹೌದು, ಬೇರೆ. ಸ್ಲ್ಯಾಂಗ್ ಅಂದರೆ ಒಂದು ಗುಂಪಿನವರು ತಮ್ಮ ತಮ್ಮಲ್ಲೇ ಆಡುವ ಸಲಿಗೆಯ ಮಾತು. ಹಾಸ್ಟೆಲ್ ರೂಮಿನಲ್ಲಿ ನೀವು ಗೆಳೆಯನಿಗೆ 'ಲೇ' ಅಂತೀರಿ. ಅವನ ಅಪ್ಪನಿಗೆ ಅನ್ನೋದಿಲ್ಲ, ಅಲ್ವಾ? ಸ್ಲ್ಯಾಂಗ್ ಕೂಡ ಹಾಗೇ. ಅದು ಬೇಗ ಹುಟ್ಟುತ್ತದೆ, ಬೇಗ ಹಳೇದಾಗುತ್ತದೆ.

ನುಡಿಗಟ್ಟಿಗೆ ವಯಸ್ಸು ಜಾಸ್ತಿ. ಅದರ ಪದಗಳನ್ನು ಬಿಡಿಬಿಡಿಯಾಗಿ ನೋಡಿದರೆ ಅರ್ಥ ಸಿಗುವುದಿಲ್ಲ. ಕನ್ನಡದಲ್ಲಿ 'ಬಾಳೆಹಣ್ಣು ಸುಲಿದಷ್ಟು ಸುಲಭ' ಅನ್ನುವ ಜಾಗದಲ್ಲಿ ಇಂಗ್ಲಿಷಿನವರು 'ಪೀಸ್ ಆಫ್ ಕೇಕ್' ಅಂತಾರೆ. ಪರೀಕ್ಷೆ ಮುಗಿಸಿ ಬಂದವನು ಹಾಗಂದರೆ ಕೇಕ್ ತಿಂದ ಅಂತಲ್ಲ, ಪೇಪರ್ ಸುಲಭ ಇತ್ತು ಅಂತ. ನುಡಿಗಟ್ಟಿನ ಒಂದು ಪದವನ್ನೂ ಬದಲಾಯಿಸುವ ಹಾಗಿಲ್ಲ. 'ಹಿಟ್ ದ ಬುಕ್ಸ್' ಅಂದರೆ ಕೂತು ಓದು. 'ಹಿಟ್ ದ ಸ್ಯಾಕ್' ಅಂದರೆ ಹೋಗಿ ಮಲಗು. 'ಹಿಟ್ ದ ರೋಡ್' ಅಂದರೆ ಹೊರಡು. ಹೊಡೆಯೋದು ಒಂದೇ, ಕೆಲಸ ಮೂರು.

ನೆಟ್ಟಗೆ ಇಂಗ್ಲಿಷೇ ಬರಲ್ಲ. ಈ ಪೋಲಿ ಇಂಗ್ಲಿಷ್ ಯಾಕೆ ಕಲೀಬೇಕು ಮೇಡಂ?

ಪೋಲಿ ಇಂಗ್ಲಿಷ್ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೀವು ದಿನಕ್ಕೆ ಹತ್ತು ಸಲ 'ಓಕೆ' ಅಂತೀರಿ. ಅದು ಹುಟ್ಟಿದ್ದೇ ತಮಾಷೆಯಾಗಿ. 1839ರಲ್ಲಿ ಅಮೆರಿಕದ ಬಾಸ್ಟನ್ನಿನ ಪತ್ರಿಕೆಯೊಂದು 'ಆಲ್ ಕರೆಕ್ಟ್' ಅನ್ನುವುದನ್ನು ಬೇಕಂತಲೇ ತಪ್ಪು ಕಾಗುಣಿತದಲ್ಲಿ 'ಓಲ್ ಕೊರೆಕ್ಟ್' ಅಂತ ಮಾಡಿ, ಆ ಎರಡು ಪದಗಳ ಮೊದಲಕ್ಷರ 'ಓ', 'ಕೆ' ಅಚ್ಚು ಹಾಕಿತು. ಆಗ ಅಂಥ ಅಕ್ಷರದಾಟ ಅಲ್ಲಿನ ಪತ್ರಿಕೆಗಳ ಹುಚ್ಚು. ಮಿಕ್ಕವೆಲ್ಲ ಸತ್ತವು. ಇದೊಂದು ಉಳಿದು ಸಿರುಗುಪ್ಪದ ಗದ್ದೆಯ ತನಕ ಬಂತು.

ಹಾಗಂತ ಎಲ್ಲವನ್ನೂ ಬಾಯಲ್ಲಿ ಆಡಬೇಕು ಅಂತ ನಾನು ಹೇಳುವುದಿಲ್ಲ. ಕೇಳಿದಾಗ ಅರ್ಥ ಆಗಬೇಕು, ಅಷ್ಟೆ. ಆಡುವುದು ಆಮೇಲಿನ ಮಾತು. ಯಾವ ಹೊಸ ಪದ ಸಿಕ್ಕರೂ ಅದನ್ನು ಯಾರು ಯಾರಿಗೆ ಹೇಳಿದರು ಅಂತ ಮೊದಲು ನೋಡಿ. ಅರ್ಥ ಅದರ ಹಿಂದೆಯೇ ಬರುತ್ತದೆ.

ನನ್ನ ಮಗ ಫೋನಿನಲ್ಲಿ 'ಯು ಆರ್ ದ ಗೋಟ್' ಅಂತ ಕಳಿಸಿದ. ಹೆತ್ತ ತಂದೀನ ಆಡು ಅಂತಾನಲ್ರಿ?

ಇದನ್ನು ಕೇಳಿದವರು ಸಂಡೂರಿನ ಕಡೆಯ ಒಬ್ಬ ತಂದೆ. ಪಾಪ, ನಿಜವಾಗಿ ನೊಂದಿದ್ದರು. ಮಗ ಬಯ್ದಿರಲಿಲ್ಲ, ಹೊಗಳಿದ್ದ. 'ಗ್ರೇಟೆಸ್ಟ್ ಆಫ್ ಆಲ್ ಟೈಮ್' ಅನ್ನುವುದರ ನಾಲ್ಕು ಮೊದಲಕ್ಷರ ಸೇರಿದರೆ ಇಂಗ್ಲಿಷಿನಲ್ಲಿ 'ಗೋಟ್' ಆಗುತ್ತದೆ. ಅಂದರೆ ಎಲ್ಲ ಕಾಲಕ್ಕೂ ಎಲ್ಲರಿಗಿಂತ ದೊಡ್ಡವನು. ಬಾಕ್ಸಿಂಗ್ ವೀರ ಮಹಮ್ಮದ್ ಅಲಿ ತಾನೇ ಎಲ್ಲರಿಗಿಂತ ದೊಡ್ಡವನು ಅಂತ ಹೇಳಿಕೊಳ್ಳುತ್ತಿದ್ದರು. 1992ರಲ್ಲಿ ಅವರ ಹೆಂಡತಿ ಲೋನಿ ಅಲಿ ಈ ನಾಲ್ಕು ಅಕ್ಷರದ ಹೆಸರಿನಲ್ಲೇ ಒಂದು ಕಂಪನಿ ನೋಂದಾಯಿಸಿದರು. ಈಗ ಕ್ರಿಕೆಟ್, ಫುಟ್‌ಬಾಲ್ ನೋಡುವ ಹುಡುಗರೆಲ್ಲ ತಮ್ಮ ಮೆಚ್ಚಿನ ಆಟಗಾರನಿಗೆ ಹಾಗೇ ಅಂತಾರೆ. ಮೆಸೇಜಿನಲ್ಲಿ ಆಡಿನ ಚಿತ್ರ ಬಂದರೂ ಅರ್ಥ ಇದೇ. ಆ ತಂದೆ ಅರ್ಥ ತಿಳಿದ ಮೇಲೆ ಮಗನಿಗೆ ಅಲ್ಲೇ ನಿಂತು ಫೋನ್ ಮಾಡಿದರು.

ರೀಲ್ಸ್‌ನಲ್ಲಿ ಬರುವ ಪದಗಳನ್ನು ಸ್ವಲ್ಪ ಬಿಡಿಸಿ ಹೇಳ್ತೀರಾ?

ಹೇಳುತ್ತೇನೆ. ಇವುಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಬಾಯಲ್ಲೇ ಜೋಡಿ ಪದ ಇದೆ. ಆ ಜೋಡಿ ಸಿಕ್ಕರೆ ಮರೆಯುವುದಿಲ್ಲ.

'ನೋ ಕ್ಯಾಪ್' ಅಂದರೆ ಸುಳ್ಳಲ್ಲ, ಖರೇ. ಬಳ್ಳಾರಿಯಿಂದ ರಾಯಚೂರಿನ ತನಕ 'ಖರೇನಾ?' ಅಂತ ಕೇಳದೆ ನಮ್ಮ ಮಾತೇ ಮುಗಿಯುವುದಿಲ್ಲ. 'ಕ್ಯಾಪ್' ಅಂದರೆ ಬುರುಡೆ. ಬುರುಡೆ ಬಿಡುವವನಿಗೆ 'ಸ್ಟಾಪ್ ಕ್ಯಾಪಿಂಗ್' ಅಂತಾರೆ. ಇದು ಅಮೆರಿಕದ ಕಪ್ಪು ಜನರ ಆಡುಮಾತಿನಿಂದ ಬಂದದ್ದು.

'ಫ್ಲೆಕ್ಸ್' ಅಂದಾಗ ಸರ್ಕಲ್ಲಿನಲ್ಲಿ ಕಟ್ಟುವ ಹುಟ್ಟುಹಬ್ಬದ ಬ್ಯಾನರ್ ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದು ಬಿಲ್ಡಪ್ ಕೊಡುವುದು. ಹೊಸ ಬೈಕಿನ ಮೇಲೆ ಕೂತು ದಿನಕ್ಕೆ ನಾಲ್ಕು ಫೋಟೊ ಹಾಕಿದರೆ ಅದು ಫ್ಲೆಕ್ಸ್.

'ಡ್ರಿಪ್' ಅಂದರೆ ನಮ್ಮವರಿಗೆ ದಾಳಿಂಬೆ ತೋಟದ ಪೈಪು, ಇಲ್ಲಾ ಆಸ್ಪತ್ರೆಯ ಗ್ಲೂಕೋಸ್ ಬಾಟಲಿ. ಸ್ಲ್ಯಾಂಗಿನಲ್ಲಿ ಅದು ಠೀವಿಯ ಬಟ್ಟೆಬರೆ. ಜೀನ್ಸ್ ಹೊಲಿಯುವ ನಮ್ಮ ಹುಡುಗರಿಗೆ ಈ ಪದದ ಮೇಲೆ ತುಂಬಾ ಪ್ರೀತಿ. ಅವರ ಕೈಯಿಂದಲೇ ಎಷ್ಟೋ ಊರಿನವರ ಡ್ರಿಪ್ ತಯಾರಾಗುತ್ತದೆ.

'ರಿಜ್' ಅಂದರೆ ಮಾತಿನಲ್ಲೇ ಮನಸ್ಸು ಗೆಲ್ಲುವ ಮೋಡಿ. 'ಕರಿಸ್ಮಾ' ಅನ್ನುವ ಪದದ ನಡುವಿನ ತುಂಡು ಅದು. ಆಕ್ಸ್‌ಫರ್ಡ್ ನಿಘಂಟಿನವರು ಇದನ್ನು 2023ರ ವರ್ಷದ ಪದವಾಗಿ ಆರಿಸಿದರು. ಇದರ ಪಕ್ಕದಲ್ಲೇ ಓಡಾಡುವ ಪದ 'ಆರಾ'. ಅದಕ್ಕೆ ನಮ್ಮ 'ಖದರು' ಸರಿಯಾಗಿ ಕೂಡುತ್ತದೆ. ಒಂದು ಒಳ್ಳೇ ಕೆಲಸ ಮಾಡಿದರೆ ಆರಾ ಪಾಯಿಂಟ್ ಏರುತ್ತದೆ. ಎಲ್ಲರೆದುರು ಜಾರಿ ಬಿದ್ದರೆ ಇಳಿಯುತ್ತದೆ.

'ಸ್ಲೇ' ಅಂದರೆ ನಿಘಂಟಿನ ಪ್ರಕಾರ ಕೊಲ್ಲುವುದು. ಗೆಳತಿ ಚೆನ್ನಾಗಿ ಡ್ಯಾನ್ಸ್ ಮಾಡಿದಾಗ 'ಯು ಸ್ಲೇಡ್' ಅಂದರೆ ಧೂಳೆಬ್ಬಿಸಿಬಿಟ್ಟೆ ಅಂತ. 'ಶಿ ಏಟ್' ಅಂದರೂ ಹೆಚ್ಚು ಕಡಿಮೆ ಅದೇ. ಇಲ್ಲಿ ಯಾರೂ ಏನೂ ತಿಂದಿಲ್ಲ.

'ಟೀ' ಅಂದರೆ ಒಳಸುದ್ದಿ. 'ಸ್ಪಿಲ್ ದ ಟೀ' ಅಂದರೆ ಗುಟ್ಟು ಹೇಳು. ಚಹಾದಂಗಡಿಯ ಮುಂದೆ ಸುದ್ದಿ ಹೇಳುತ್ತಾ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕಿಂತ ಹಳೆಯ ನುಡಿಗಟ್ಟು 'ಸ್ಪಿಲ್ ದ ಬೀನ್ಸ್'. ಅದು ಗುಟ್ಟು ರಟ್ಟು ಮಾಡುವುದು.

'ಸಸ್' ಅಂದರೆ ಅನುಮಾನ ಬರುವಂಥದ್ದು. 2020ರ ಲಾಕ್‌ಡೌನ್ ಕಾಲದಲ್ಲಿ 'ಅಮಾಂಗ್ ಅಸ್' ಅನ್ನುವ ಮೊಬೈಲ್ ಆಟದಿಂದ ಮಕ್ಕಳ ಬಾಯಿಗೆ ಬಂತು. ಬ್ರಿಟನ್ನಿನಲ್ಲಿ ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಇತ್ತು.

ಇನ್ನುಳಿದವು ಬೇಗ ಬೇಗ. 'ಮಿಡ್' ಅಂದರೆ ಅಷ್ಟಕ್ಕಷ್ಟೆ. 'ಬೆಟ್' ಅಂದರೆ ಆಯ್ತು, ಡನ್. 'ಕ್ರಿಂಜ್' ಅಂದರೆ ನೋಡುವವರಿಗೇ ನಾಚಿಕೆ ಆಗುವಂಥದ್ದು. 'ಸಾಲ್ಟಿ' ಅಂದರೆ ಸಣ್ಣ ವಿಷಯಕ್ಕೆ ಮುಖ ಊದಿಸಿಕೊಂಡವರು. 'ಡೆಲೂಲು' ಅಂದರೆ ಆಗದ ಹೋಗದ ಕನಸು ಕಾಣುವವರು. 'ಘೋಸ್ಟಿಂಗ್' ಅಂದರೆ ನಿನ್ನೆ ತನಕ ಮಾತಾಡುತ್ತಿದ್ದವರು ಕಾರಣ ಹೇಳದೆ ಉತ್ತರ ಕೊಡುವುದನ್ನೇ ನಿಲ್ಲಿಸುವುದು. ಅದನ್ನು ಅನುಭವಿಸಿದವರಿಗೆ ಪದ ಮಾತ್ರ ಹೊಸದು, ನೋವು ಹಳೇದೇ.

'ಸಿಕ್ಸ್ ಸೆವೆನ್' ಅಂತ ಮಕ್ಕಳು ಕೂಗ್ತಾರಲ್ಲ, ಏನದು?

ಅರ್ಥ ಅಂತ ಏನೂ ಇಲ್ಲ. ಒಂದು ರ್ಯಾಪ್ ಹಾಡಿನಿಂದ ಹಬ್ಬಿದ ಕೂಗು. ಡಿಕ್ಷನರಿ ಡಾಟ್ ಕಾಮ್ ಅದನ್ನು 2025ರ ವರ್ಷದ ಪದ ಅಂತ ಹೆಸರಿಸಿತು. ಮಕ್ಕಳು ಖುಷಿಯಾಗಿ ಕೂಗಲಿ, ಬಿಡಿ.

ನಮ್ಮ ಕನ್ನಡದ ಮಾತನ್ನೇ ಇಂಗ್ಲಿಷ್ ಮಾಡಿ ಹೇಳಿದರೆ ತಪ್ಪಾ?

ತಪ್ಪು ಅಂತಲ್ಲ. ಕೇಳುವವನಿಗೆ ಮುಟ್ಟುವುದಿಲ್ಲ. 'ಡೋಂಟ್ ಈಟ್ ಮೈ ಹೆಡ್' ಅಂದರೆ ಬೆಂಗಳೂರಿನಲ್ಲಿ ಅರ್ಥ ಆಗುತ್ತದೆ. ಲಂಡನ್ನಿನವನು ಬೆಚ್ಚಿ ಬೀಳುತ್ತಾನೆ. ಅಲ್ಲಿ 'ಸ್ಟಾಪ್ ಬಗಿಂಗ್ ಮಿ' ಅನ್ನಬೇಕು. 'ಮೈ ಸ್ಟಮಕ್ ಈಸ್ ಬರ್ನಿಂಗ್' ಅಂದರೆ ಹೊಟ್ಟೆಕಿಚ್ಚು ಅಂತ ಯಾರೂ ತಿಳಿಯುವುದಿಲ್ಲ, ಅಸಿಡಿಟಿ ಮಾತ್ರೆ ತಂದುಕೊಡುತ್ತಾರೆ. 'ಅವನು ಕೈ ಕೊಟ್ಟ' ಅನ್ನುವುದನ್ನು 'ಹಿ ಗೇವ್ ಹ್ಯಾಂಡ್' ಅಂದರೆ ಪೂರಾ ಉಲ್ಟಾ. ಇಂಗ್ಲಿಷಿನಲ್ಲಿ ಕೈ ಕೊಡುವುದು ಅಂದರೆ ನೆರವಾಗುವುದು. ಕೈ ಕೊಟ್ಟು ಹೋದವನಿಗೆ 'ಹಿ ಲೆಟ್ ಮಿ ಡೌನ್' ಅನ್ನಿ.

'ಕಾಲೆಳೆಯುವುದು' ಸ್ವಲ್ಪ ಸೂಕ್ಷ್ಮ. ತಮಾಷೆ ಮಾಡುವ ಅರ್ಥದಲ್ಲಿ ಇಂಗ್ಲಿಷಿನಲ್ಲೂ 'ಪುಲ್ಲಿಂಗ್ ಮೈ ಲೆಗ್' ಇದೆ. ಆದರೆ ನಾವು ಮೇಲೆ ಬರುವವನನ್ನು ಕೆಳಗೆ ತಳ್ಳುವುದಕ್ಕೂ ಕಾಲೆಳೆಯುವುದು ಅಂತೀವಿ. ಆ ಅರ್ಥ ಅಲ್ಲಿ ಇಲ್ಲ.

ಬಕೆಟ್ ವಿಷಯ ಇನ್ನೂ ಚೆಂದ. ಲೆಕ್ಚರರ್ ಹಿಂದೆ ಮುಂದೆ ಓಡಾಡುವವನನ್ನು ನೀವು 'ಬಕೆಟ್ ಹಿಡೀತಾನೆ' ಅಂತೀರಿ. ಪದ ಇಂಗ್ಲಿಷಿನದೇ. ಇಂಗ್ಲಿಷಿನವರಿಗೆ ಮಾತ್ರ ತಲೆಬುಡ ಗೊತ್ತಾಗುವುದಿಲ್ಲ. ಅವರ ಬಕೆಟ್ ಇರುವುದು 'ಕಿಕ್ ದ ಬಕೆಟ್'ನಲ್ಲಿ. ಅಂದರೆ ಸಾಯುವುದು, ಅದೂ ಹಗುರವಾಗಿ ಹೇಳುವ ಮಾತು. ಯಾರದಾದರೂ ಮನೆಯಲ್ಲಿ ಸಾವಾದಾಗ ಅದನ್ನು ದಯವಿಟ್ಟು ಆಡಬೇಡಿ. 'ಪಾಸ್ಡ್ ಅವೇ' ಅನ್ನಿ. ಆದರೆ ನಮ್ಮ 'ಮಸ್ಕಾ ಹೊಡೆಯುವುದು' ಇದೆಯಲ್ಲ, ಅದು ಇಂಗ್ಲಿಷಿಗೆ ಸಲೀಸಾಗಿ ಹೋಗುತ್ತದೆ. ಮಸ್ಕಾ ಅಂದರೆ ಬೆಣ್ಣೆ. ಅವರೂ 'ಬಟರ್ ಅಪ್' ಅಂತಲೇ ಅನ್ನುತ್ತಾರೆ.

'ಒನ್ಸ್ ಇನ್ ಎ ಬ್ಲೂ ಮೂನ್' ಅಂದರೆ ನಮ್ಮ 'ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ'. ಅಪರೂಪಕ್ಕೆ ಅನ್ನಲು ಇಬ್ಬರೂ ಚಂದ್ರನನ್ನೇ ನೋಡಿದ್ದಾರೆ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆ ಬಿದ್ದರೆ ಎರಡನೆಯದನ್ನು ಅವರು ಬ್ಲೂ ಮೂನ್ ಅಂತಾರೆ. ಅದು ಬರುವುದು ಸುಮಾರು ಎರಡೂವರೆ ವರ್ಷಕ್ಕೊಮ್ಮೆ. ಹಾಗಾಗಿ ನಮ್ಮ ಅಪರೂಪಕ್ಕಿಂತ ಅವರ ಅಪರೂಪ ದೊಡ್ಡದು.

ನನಗೆ ತುಂಬಾ ಇಷ್ಟವಾದದ್ದು ಬಿಸಿ ಮತ್ತು ತಂಪಿನ ಲೆಕ್ಕ. ಚಳಿ ದೇಶದಲ್ಲಿ ಬೆಳೆದ ಇಂಗ್ಲಿಷಿಗೆ ಬಿಸಿ ಅಂದರೆ ಪ್ರೀತಿ. 'ವಾರ್ಮ್ ವೆಲ್ಕಮ್' ಅಂದರೆ ಅಕ್ಕರೆಯ ಸ್ವಾಗತ. 'ಕೋಲ್ಡ್ ಶೋಲ್ಡರ್' ಅಂದರೆ ಮುಖ ತಿರುಗಿಸಿಕೊಳ್ಳುವುದು. 'ಕೋಲ್ಡ್ ಫೀಟ್' ಅಂದರೆ ಕೊನೇ ಗಳಿಗೆಯಲ್ಲಿ ಹಿಂಜರಿಯುವುದು. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಜನ ಹೇಳುತ್ತಾರೆ. ಇಲ್ಲಿಯ ಅಜ್ಜಿಯರು ಹರಸುವುದು 'ನಿನ್ನ ಹೊಟ್ಟೆ ತಣ್ಣಗಿರಲಿ' ಅಂತ. ಅದನ್ನು ಇಂಗ್ಲಿಷ್ ಮಾಡಿದರೆ ಹರಕೆಯೇ ಕಳೆದುಹೋಗುತ್ತದೆ. 'ಥ್ರೋಯಿಂಗ್ ಶೇಡ್' ಅನ್ನುವ ಸ್ಲ್ಯಾಂಗೂ ಹೀಗೇ. ಏಪ್ರಿಲ್ ಬಿಸಿಲಲ್ಲಿ ನಮಗೆ ನೆರಳು ಕೊಟ್ಟವರು ಪುಣ್ಯವಂತರು. ಅಲ್ಲಿ 'ಶೇಡ್' ಎಸೆಯುವುದು ಅಂದರೆ ಕೊಂಕು ಮಾತಿನಿಂದ ಚುಚ್ಚುವುದು. ಭಾಷೆ ಬೆಳೆದ ಊರಿನ ಹವೆ ಗೊತ್ತಾದರೆ ಅರ್ಧ ನುಡಿಗಟ್ಟು ತಾನೇ ಬಿಚ್ಚಿಕೊಳ್ಳುತ್ತದೆ.

'ಬಂಕ್', 'ಪಾಸ್ ಔಟ್', 'ಬೈಹಾರ್ಟ್' ಇವೆಲ್ಲ ಸರಿಯಾದ ಇಂಗ್ಲಿಷಾ?

'ಬಂಕ್' ಬ್ರಿಟಿಷರದೇ. ಅವರು 'ಬಂಕ್ ಆಫ್' ಅಂತಾರೆ. ಉರು ಹೊಡೆಯುವುದಕ್ಕೆ ನಾವು ಅನ್ನುವ 'ಮಗ್ ಅಪ್' ಕೂಡ ಅವರದೇ. ಅಮೆರಿಕದವರು 'ಕ್ರ್ಯಾಮ್' ಅಂತಾರೆ. 'ಬೈ ಹಾರ್ಟ್' ಇಂಗ್ಲಿಷಿನಲ್ಲಿ ಇದೆ, ಆದರೆ 'ಲರ್ನ್ ಬೈ ಹಾರ್ಟ್' ಅನ್ನಬೇಕು. 'ಐ ಬೈಹಾರ್ಟೆಡ್' ಅನ್ನುವುದು ನಮ್ಮ ದೇಶದೊಳಗೆ ಮಾತ್ರ ನಡೆಯುತ್ತದೆ. ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು 'ಪಾಸ್ ಔಟ್'. 'ಐ ಪಾಸ್ಡ್ ಔಟ್ ಇನ್ 2022' ಅಂದರೆ ಅಮೆರಿಕದವರಿಗೆ 2022ರಲ್ಲಿ ಪ್ರಜ್ಞೆ ತಪ್ಪಿ ಬಿದ್ದೆ ಅಂತ ಕೇಳಿಸುತ್ತದೆ. 'ಐ ಗ್ರ್ಯಾಜುಯೇಟೆಡ್ ಇನ್ 2022' ಅನ್ನಿ. 'ಐ ಹ್ಯಾವ್ ಟೂ ಬ್ಯಾಕ್ಸ್' ಅಂದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಎರಡು ವಿಷಯ ಬಾಕಿ ಇವೆ ಅಂತ ಬಿಡಿಸಿ ಹೇಳಿ.

ನಾವು ಇಂಗ್ಲಿಷಿಗೆ ಕೊಟ್ಟದ್ದೂ ಕಡಿಮೆ ಇಲ್ಲ. ರೈಲಿನಲ್ಲಿ ಶೇಂಗಾ ಮಾರುವವರು ಕೂಗುವ 'ಟೈಂಪಾಸ್' ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. 'ಪೋಸ್ಟ್‌ಪೋನ್'ಗೆ ಎದುರಾಗಿ ನಾವು ಬಳಸುವ 'ಪ್ರಿಪೋನ್' ಕೂಡ ಇದೆ.

ಇಂಟರ್‌ವ್ಯೂನಲ್ಲಿ ಸ್ಲ್ಯಾಂಗ್ ಆಡಿದರೆ ಇಂಪ್ರೆಸ್ ಆಗ್ತಾರಾ?

ಆಗುವುದಿಲ್ಲ. ಅಲ್ಲಿ ಕೂತವರು ನಿಮ್ಮ ಗೆಳೆಯರಲ್ಲ. 'ಬ್ರೋ', 'ಯಾ', 'ವಾನ್ನಾ', 'ಗೊನ್ನಾ' ಎಲ್ಲವನ್ನೂ ಬಾಗಿಲಾಚೆ ಬಿಟ್ಟು ಹೋಗಿ. ಆದರೆ ಅವರು ಆಡುವ ಆಫೀಸಿನ ನುಡಿಗಟ್ಟು ನಿಮಗೆ ಗೊತ್ತಿರಬೇಕು. 'ವಾಕ್ ಮಿ ಥ್ರೂ ಯುವರ್ ರೆಸ್ಯೂಮೆ' ಅಂದರೆ ಎದ್ದು ನಡೆಯುವುದಲ್ಲ, ಓದು ಮತ್ತು ಕೆಲಸದ ವಿವರ ಒಂದೊಂದಾಗಿ ಹೇಳುವುದು. ಸಂಬಳದ ಮಾತು ಬಂದಾಗ 'ಬಾಲ್‌ಪಾರ್ಕ್ ಫಿಗರ್' ಕೇಳಿದರೆ ಅಂದಾಜು ಮೊತ್ತ ಹೇಳಿ. ಬಾಲ್‌ಪಾರ್ಕ್ ಅಂದರೆ ಅಮೆರಿಕದ ಬೇಸ್‌ಬಾಲ್ ಮೈದಾನ. 'ಆನ್ ದ ಸೇಮ್ ಪೇಜ್' ಅಂದರೆ ಇಬ್ಬರಿಗೂ ಒಂದೇ ತಿಳುವಳಿಕೆ ಇದೆ ಅಂತ. ಗೊತ್ತಾಗದಿದ್ದರೆ 'ಕುಡ್ ಯು ಪ್ಲೀಸ್ ಎಕ್ಸ್‌ಪ್ಲೇನ್ ದಟ್?' ಅಂತ ಕೇಳಿ. ಕೇಳುವುದರಲ್ಲಿ ಸೋಲಿಲ್ಲ. ಗೊತ್ತಿಲ್ಲದೆ ತಲೆ ಆಡಿಸಿದರೆ ಮುಂದಿನ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.

ಲೆಕ್ಚರರ್‌ಗೆ ವಾಟ್ಸಾಪ್‌ನಲ್ಲಿ ಹೇಗೆ ಬರೆಯಬೇಕು?

ಮೊದಲು ನಿಮ್ಮ ಹೆಸರು, ಕ್ಲಾಸು. ಆಮೇಲೆ ಏನು ಬೇಕು ಅಂತ ಎರಡು ಸಾಲು. ಪದಗಳನ್ನು ಪೂರ್ತಿ ಬರೆಯಿರಿ. ಅವರು ಉತ್ತರ ಕೊಟ್ಟಾಗ ಒಂಟಿ ಅಕ್ಷರದ 'ಕೆ' ಕಳಿಸಬೇಡಿ. ಇಂಗ್ಲಿಷಿನಲ್ಲಿ ಅದು ಮುಖಕ್ಕೆ ಹೊಡೆದ ಹಾಗೆ ಕೇಳಿಸುತ್ತದೆ. 'ಥ್ಯಾಂಕ್ಯೂ ಸರ್' ಸಾಕು.

ಯಾವ ಪದ ಆಡಲೇಬಾರದು?

ಮೂರು ನಾಲ್ಕು ಅಕ್ಷರದ ಕೆಲವು ಚುಟುಕು ಪದಗಳು ಮುದ್ದಾಗಿ ಕಾಣುತ್ತವೆ. 'ಡಬ್ಲ್ಯು ಟಿ ಎಫ್' ಒಳಗೆ ಹೊಲಸು ಬೈಗುಳ ಇದೆ. ನಗುವುದಕ್ಕೆ ಬಳಸುವ 'ಎಲ್ ಎಂ ಎ ಓ' ಒಳಗೂ ಅಸಭ್ಯ ಪದ ಇದೆ. ಟೀ ಶರ್ಟ್ ಮೇಲೆ ಏನು ಬರೆದಿದೆ ಅಂತ ಓದದೆ ಕೊಳ್ಳಬೇಡಿ ಅಂತ ನಾನು ಹುಡುಗಿಯರಿಗೂ ಹುಡುಗರಿಗೂ ಹೇಳುತ್ತಲೇ ಇರುತ್ತೇನೆ.

ಇನ್ನೊಂದು ಇದಕ್ಕಿಂತ ಗಂಭೀರ. ರ್ಯಾಪ್ ಹಾಡುಗಳಲ್ಲಿ 'ಎನ್' ಅಕ್ಷರದಿಂದ ಶುರುವಾಗುವ ಒಂದು ಪದ ಮತ್ತೆ ಮತ್ತೆ ಬರುತ್ತದೆ. ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡವರು ಬಳಸಿದ ಬೈಗುಳ ಅದು. ಅವರು ತಮ್ಮೊಳಗೆ ಆಡಿಕೊಂಡರೆ ಅದು ಅವರ ವಿಷಯ. ನಾವು ಆಡುವ ಹಾಗಿಲ್ಲ, ಹಾಡಿನ ಜೊತೆಗೂ ಬೇಡ. ಜಾತಿ ಹೆಸರನ್ನೇ ಬೈಗುಳ ಮಾಡಿ ಒಬ್ಬರನ್ನು ಕರೆದಾಗ ಎಷ್ಟು ನೋವಾಗುತ್ತದೆ ಅಂತ ನಮ್ಮ ನೆಲದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇದೂ ಅಂಥದ್ದೇ.

ನಾನು ಕನ್ನಡ ಮೀಡಿಯಂ. ಗೆಳೆಯರು ಏನೋ ಅಂದು ನಗುತ್ತಾರೆ, ನನಗೆ ಗೊತ್ತಾಗಲ್ಲ. ಏನು ಮಾಡಲಿ?

ಈ ಪ್ರಶ್ನೆಯನ್ನು ಕ್ಲಾಸಿನಲ್ಲಿ ಯಾರೂ ಕೈ ಎತ್ತಿ ಕೇಳುವುದಿಲ್ಲ. ಎಲ್ಲರೂ ಹೋದ ಮೇಲೆ, ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುತ್ತಾರೆ. ನಾನೂ ಹತ್ತನೇ ತರಗತಿ ತನಕ ಕನ್ನಡ ಮೀಡಿಯಂ. ಎಂ.ಎ. ಓದುವಾಗ ಮೊದಲ ಸೆಮಿನಾರ್ ದಿನ, ಜೊತೆಯ ಹುಡುಗಿ ನನ್ನ ಭುಜ ತಟ್ಟಿ 'ಬ್ರೇಕ್ ಎ ಲೆಗ್' ಅಂದಳು. ಕಾಲು ಮುರಿದುಕೋ ಅಂದಳಲ್ಲ, ನಾನೇನು ತಪ್ಪು ಮಾಡಿದ್ದೆ ಅಂತ ಇಡೀ ದಿನ ಒಳಗೇ ಕೊರಗಿದೆ. ಅವಳು ಹೇಳಿದ್ದು ಒಳ್ಳೇದಾಗಲಿ ಅಂತ. ಅದು ನಾಟಕದವರ ಮಾತು. ರಂಗಕ್ಕೆ ಹೋಗುವವರಿಗೆ ನೇರವಾಗಿ ಶುಭ ಕೋರಿದರೆ ಅಪಶಕುನ ಅನ್ನುವ ನಂಬಿಕೆ ಅವರಲ್ಲಿದೆ. ಮುದ್ದು ಮಗುವಿಗೆ ದೃಷ್ಟಿ ಬೊಟ್ಟು ಇಡುವ ನಾವು ಇದನ್ನು ಬೇಗ ಅರ್ಥ ಮಾಡಿಕೊಳ್ಳಬಹುದು. ಆವತ್ತೇ ಅವಳನ್ನು ಕೇಳಿದ್ದರೆ ಒಂದು ದಿನದ ಕೊರಗು ತಪ್ಪುತ್ತಿತ್ತು.

ನೀವು ಕೇಳಿ. 'ವಾಟ್ ಡಸ್ ದಟ್ ಮೀನ್?' ನಾಲ್ಕೇ ಪದ. ನಗುವವರಲ್ಲಿ ಒಬ್ಬರಾದರೂ ಹೇಳಿಕೊಡುತ್ತಾರೆ. ಯಾರೂ ಹೇಳದಿದ್ದರೆ ನನ್ನ ಹತ್ತಿರ ಬನ್ನಿ. ಇನ್ನೊಂದು ಮಾತು. ಬಳ್ಳಾರಿಯ ಮಕ್ಕಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು ಆಡುತ್ತಾ ಬೆಳೆಯುತ್ತಾರೆ. ಯಾರ ಹತ್ತಿರ ಯಾವ ಮಾತು ಅಂತ ಆರು ವರ್ಷಕ್ಕೇ ಗೊತ್ತಿರುತ್ತದೆ. ಸ್ಲ್ಯಾಂಗಿಗೆ ಬೇಕಾದ ಜಾಣತನ ಅದೇ.

ಎಲ್ಲಿ ನೋಡಿ ಕಲಿಯಬೇಕು?

ಕೇಂಬ್ರಿಡ್ಜ್, ಮೆರಿಯಮ್ ವೆಬ್‌ಸ್ಟರ್ ನಿಘಂಟುಗಳು ಫೋನಿನಲ್ಲಿ ಪುಕ್ಕಟೆ ಸಿಗುತ್ತವೆ. ಪದದ ಪಕ್ಕದಲ್ಲಿ 'ಇನ್‌ಫಾರ್ಮಲ್', 'ಅಫೆನ್ಸಿವ್' ಅಂತ ಗುರುತು ಇರುತ್ತದೆ, ಅದನ್ನು ತಪ್ಪದೆ ನೋಡಿ. ತೀರಾ ಹೊಸ ಪದಕ್ಕೆ 1999ರಿಂದ ನಡೆಯುತ್ತಿರುವ ಅರ್ಬನ್ ಡಿಕ್ಷನರಿ ಇದೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು. ಹಾಗಾಗಿ ಹೊಲಸೂ ಇರುತ್ತದೆ, ತಪ್ಪೂ ಇರುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪದ ಬರೆಯಿರಿ, ಅದು ಕೇಳಿಸಿದ ಪೂರ್ತಿ ಸಾಲು ಬರೆಯಿರಿ, ಅದಕ್ಕೆ ನಿಮ್ಮ ಊರಿನಲ್ಲಿ ಏನಂತಾರೆ ಅಂತ ಬರೆಯಿರಿ. ಕೊನೆಯದು ಬರೆದವರು ಮರೆತದ್ದನ್ನು ನಾನು ನೋಡಿಲ್ಲ.

ಇಲ್ಲಿರುವ ಪದಗಳು ಎಷ್ಟು ದಿನ ಬಾಳುತ್ತವೆ?

ಕೆಲವಕ್ಕೆ ಒಂದು ವರ್ಷವೂ ತುಂಬುವುದಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಎಲ್ಲರೂ 'ಯೋಲೋ' ಅಂತಿದ್ದರು, ಇರುವುದೊಂದೇ ಜೀವನ ಅಂತ. ಈಗ ಅಂದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಜಾಸ್ ಸಂಗೀತಗಾರರ ಕಾಲದಿಂದ ಬಂದ 'ಕೂಲ್' ಮಾತ್ರ ಮುಪ್ಪಾಗಿಲ್ಲ. 'ಸೆಲ್ಫಿ' 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲು ಕಾಣಿಸಿಕೊಂಡಿತು, 2013ರಲ್ಲಿ ಆಕ್ಸ್‌ಫರ್ಡಿನ ವರ್ಷದ ಪದ ಆಯಿತು. ಈಗ ನಮ್ಮ ಕೋಟೆ ಬೆಟ್ಟದ ಮೇಲೆ ಫೋಟೊ ತೆಗೆಸಿಕೊಳ್ಳುವ ಅಜ್ಜನೂ 'ಸೆಲ್ಫಿ' ಅಂತಾರೆ. 2024ರ ಪದ 'ಬ್ರೇನ್ ರಾಟ್'. ರೀಲ್ಸ್ ನೋಡಿ ನೋಡಿ ತಲೆ ಮಂಕಾಗುವುದಕ್ಕೆ ಈಗಿನ ಮಕ್ಕಳು ಅದನ್ನು ಬಳಸುತ್ತಾರೆ. 1854ರಲ್ಲೇ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ಆ ಜೋಡಿ ಪದವನ್ನು ಬರೆದಿದ್ದರು.

ನಮ್ಮ ಕ್ಲಾಸಿನ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ. ಪ್ರತಿ ಶನಿವಾರ ಹುಡುಗರೇ ಹಳೇದಾದ ಪದವನ್ನು ಹೊಡೆದುಹಾಕಿ ಹೊಸದನ್ನು ಬರೆಯುತ್ತಾರೆ. ಪಕ್ಕದಲ್ಲಿ ಅದರ ಬಳ್ಳಾರಿ ಮಾತು. ಹೋದ ವಾರ 'ಲೋ ಕೀ' ಪಕ್ಕದಲ್ಲಿ ಒಬ್ಬಳು 'ಒಳಗೊಳಗೇ' ಅಂತ ಬರೆದಿದ್ದಳು. ಅದಕ್ಕಿಂತ ಒಳ್ಳೇ ಅರ್ಥ ನನಗೆ ಯಾವ ನಿಘಂಟಿನಲ್ಲೂ ಸಿಕ್ಕಿಲ್ಲ.